ಕವಾಯತು ಮೈದಾನದಲ್ಲಿ ನೆರಳು ಯಾರಿಗೆ?



ವರ್ಷಕ್ಕೆ ಎರಡು ಬಾರಿ, ಜನವರಿ 26ರಂದು ಮತ್ತು ಆಗಸ್ಟ್ 15ರಂದು, ನಮ್ಮ ರಾಜ್ಯ ಸರಕಾರವು ಬೆಂಗಳೂರಿನ ಒಂದು ಬಯಲಿಗೆ ಬಂದು ಜನರೆದುರು ನಿಲ್ಲುತ್ತದೆ. ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಪರೇಡ್ ಮೈದಾನವೆಂದು ಅದರ ಹೆಸರು. ಮೊದಲನೆಯ ದಿನ ರಾಜ್ಯಪಾಲರು, ಎರಡನೆಯ ದಿನ ಮುಖ್ಯಮಂತ್ರಿಗಳು ಅಲ್ಲಿ ಧ್ವಜವಂದನೆ ಮಾಡಿ ಗೌರವರಕ್ಷೆ ಸ್ವೀಕರಿಸುತ್ತಾರೆ. ಪೊಲೀಸರು, ಗೃಹರಕ್ಷಕರು, ಎನ್‌ಸಿಸಿಯವರು, ಸೇವಾದಳದವರು, ಶಾಲಾಮಕ್ಕಳು ಹೆಜ್ಜೆ ಹಾಕುತ್ತಾರೆ. ನಾವು ಊರಲ್ಲಿ ಕುಳಿತು ದೂರದರ್ಶನದಲ್ಲಿ ನೋಡುತ್ತೇವೆ. ಎಷ್ಟೋ ವರ್ಷಗಳಿಂದ ಹೀಗೆ ನೋಡುತ್ತಾ ಬಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿದೆ. ಆ ಬಯಲಿನಲ್ಲಿ ನೆರಳಿನಲ್ಲಿ ಕೂರುವವರು ಯಾರು, ಬಿಸಿಲಿನಲ್ಲಿ ನಿಲ್ಲುವವರು ಯಾರು? ಈ ವ್ಯವಸ್ಥೆಯನ್ನು ಯಾರು, ಯಾವಾಗ ಗೊತ್ತುಮಾಡಿದರು? ಅದು ಈಗಲೂ ಹಾಗೆಯೇ ಇರಬೇಕೇ?

ಹಿರಿಯಡ್ಕದಲ್ಲಿ ಕುಳಿತ ನಿವೃತ್ತ ಮಾಸ್ತರನಿಗೆ ಬೆಂಗಳೂರಿನ ಮೈದಾನದ ಚಿಂತೆಯೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ರಾಜಧಾನಿಯ ಆ ಬಯಲಿನಲ್ಲಿ ಏನು ನಡೆಯುತ್ತದೆಯೋ ಅದರ ಪಡಿಯಚ್ಚೇ ಜಿಲ್ಲೆಯ ಮೈದಾನದಲ್ಲಿ ನಡೆಯುತ್ತದೆ. ಮಂಗಳೂರಿನವರಿಗೆ ನೆಹರು ಮೈದಾನ, ಉಡುಪಿಯವರಾದ ನಮಗೆ ಅಜ್ಜರಕಾಡು. ಜಿಲ್ಲೆಯದನ್ನು ನೋಡಿ ತಾಲೂಕು, ತಾಲೂಕನ್ನು ನೋಡಿ ನಮ್ಮೂರಿನ ಶಾಲೆಯ ಅಂಗಳ. ಅದೇ ಚಪ್ಪರ, ಅದೇ ಧ್ವನಿವರ್ಧಕ, ಅದೇ ಸಾಲು. ಅಲ್ಲದೆ ನಮ್ಮ ಊರಿನ ಹೆಸರಿನಲ್ಲಿಯೇ ಬಯಲೊಂದಿದೆ. ತುಳುನಾಡಿನಲ್ಲಿ ‘ಅಡ್ಕ’ವೆಂದರೆ ಮರಗಿಡಗಳಿಲ್ಲದ ತೆರೆದ ಒಣನೆಲ. ಹಿರಿದಾದ ಅಡ್ಕವೇ ಹಿರಿಯಡ್ಕ. ಆದ್ದರಿಂದ ಮೈದಾನದ ಬಗ್ಗೆ ಎರಡು ಮಾತು ಆಡುವ ಹಕ್ಕು ನಮಗೂ ಇದೆ ಎಂದು ಭಾವಿಸುತ್ತೇನೆ.

ಮೊದಲು ಶಬ್ದವನ್ನು ನೋಡೋಣ. ಪರೇಡಿಗೆ ಕನ್ನಡದಲ್ಲಿ ‘ಪಥಸಂಚಲನ’ ಎಂಬ ಸಂಸ್ಕೃತದ ಪದವೂ ಇದೆ, ‘ಕವಾಯತು’ ಎಂಬ ಹಳೆಯ ಪದವೂ ಇದೆ. ಈ ಎರಡನೆಯದು ಅರಬ್ಬಿಯಿಂದ ಪಾರಸಿ, ಉರ್ದುಗಳ ಮೂಲಕ ನಮ್ಮಲ್ಲಿಗೆ ಬಂದದ್ದು. ಮೂಲದಲ್ಲಿ ಅದರ ಅರ್ಥ ‘ನಿಯಮಗಳು’ ಎಂದು. ಭಾಷೆಯ ನಿಯಮಗಳಿಗೂ, ಅಂದರೆ ವ್ಯಾಕರಣಕ್ಕೂ, ಅರಬ್ಬಿಯಲ್ಲಿ ಅದೇ ಹೆಸರು. ಕವಾಯತು ಕಾಲಿನ ವ್ಯಾಕರಣವೆಂದರೆ ತಪ್ಪಾಗದು. ಹಾಗಾದರೆ ಕವಾಯತು ಮೈದಾನವು ಸೈನ್ಯದ ಪಾಠಶಾಲೆ. ಬೆಂಗಳೂರಿನ ಮೈದಾನ ಹುಟ್ಟಿದ್ದೂ ಹಾಗೆಯೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಹತನಾದ ಮೇಲೆ ಕಂಪೆನಿಯ ಪಡೆ ಅಲ್ಲಿಯೇ ಬೀಡುಬಿಟ್ಟಿತ್ತು. ಕಾವೇರಿಯ ನಡುವಿನ ಆ ದ್ವೀಪದ ಜ್ವರವು ಸಿಪಾಯಿಗಳನ್ನು ಹಣ್ಣುಮಾಡಿತು. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದ್ದು ತಂಪಾದ ಗಾಳಿ ಬೀಸುವ ಬೆಂಗಳೂರಿಗೆ 1809ರಲ್ಲಿ ದಂಡು ಸ್ಥಳಾಂತರವಾಯಿತು. ಕೆಂಪೇಗೌಡರು ಕಟ್ಟಿದ ಪೇಟೆಯಿಂದ ದೂರ, ಹಲಸೂರಿನ ಕಡೆಗೆ, ಹೊಸದೊಂದು ಊರು ಎದ್ದಿತು. ಜನ ಅದನ್ನು ಸರಳವಾಗಿ ‘ದಂಡು’ ಎಂದರು. ಆ ಊರಿನ ನಡುವೆ ಬಿಟ್ಟ ವಿಶಾಲವಾದ ಬಯಲೇ ಪರೇಡ್ ಮೈದಾನ. ದಂಡಿನ ಚರ್ಚು, ಅಂಗಡಿಗಳು, ಬಂಗಲೆಗಳೆಲ್ಲ ಅದರ ಸುತ್ತ ಬೆಳೆದವು. ಅದರ ದಕ್ಷಿಣದ ಅಂಚಿನ ರಸ್ತೆಗೆ ಸೌತ್ ಪರೇಡ್ ಎಂದೇ ಹೆಸರಿತ್ತು. 1948ರಲ್ಲಿ, ಗಾಂಧೀಜಿಯವರು ಹತರಾದ ವರ್ಷ, ಅದು ಮಹಾತ್ಮಾ ಗಾಂಧಿ ರಸ್ತೆಯಾಯಿತು. ಇಂದು ಎಲ್ಲರ ಬಾಯಲ್ಲಿ ‘ಎಂ.ಜಿ. ರೋಡ್’ ಎನಿಸಿಕೊಂಡಿರುವುದು ಅದೇ. ಉತ್ತರದ ಅಂಚಿನಲ್ಲಿ ಇಂದಿಗೂ ಕಬ್ಬನ್ ರಸ್ತೆ ಇದೆ.

ಇಷ್ಟು ದೊಡ್ಡ ಬಯಲು ಸೈನ್ಯಕ್ಕೆ ಏಕೆ ಬೇಕಾಗಿತ್ತು? ತೋರಿಕೆಗಾಗಿ ಮಾತ್ರವಲ್ಲ. ಅಂದಿನ ಬಂದೂಕು ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವಂಥದ್ದು. ಪಳಗಿದ ಸಿಪಾಯಿಯೂ ನಿಮಿಷಕ್ಕೆ ಎರಡು ಮೂರು ಬಾರಿ ಮಾತ್ರ ಗುಂಡು ಹಾರಿಸಬಲ್ಲ. ನೂರು ಗಜದಾಚೆಗೆ ಗುರಿಯ ಭರವಸೆ ಇಲ್ಲ. ಒಬ್ಬೊಬ್ಬರೇ ಹಾರಿಸಿದರೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಭುಜಕ್ಕೆ ಭುಜ ತಾಗಿಸಿ ಸಾಲುಗಟ್ಟಿ ನಿಂತು, ಒಂದೇ ಆಜ್ಞೆಗೆ ನೂರಾರು ಬಂದೂಕುಗಳು ಒಟ್ಟಿಗೆ ಸಿಡಿಯಬೇಕು. ಒಬ್ಬ ಒಂದು ಹೆಜ್ಜೆ ಮುಂದೆ ಬಂದರೆ ಹಿಂದಿನ ಸಾಲಿನ ಗುಂಡಿಗೆ ಅವನೇ ಬಲಿ. ಸಾಲು ನೇರವಾಗಿರಬೇಕೆಂಬುದು ಆಗ ಅಂದದ ಮಾತಲ್ಲ, ಜೀವದ ಮಾತು. ಅದನ್ನು ದಿನವೂ ಬೆಳಗ್ಗೆ ಕಲಿಸಲಿಕ್ಕೆ ಬಯಲು ಬೇಕಿತ್ತು. ಮುಂದೆ ಬಂದೂಕುಗಳು ಬದಲಾದವು, ಮಷಿನ್‌ಗನ್ನು ಬಂತು, ಮೊದಲ ಮಹಾಯುದ್ಧದಲ್ಲಿ ಸೈನಿಕರು ಕಂದಕಗಳಿಗೆ ಇಳಿದರು. ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ರಣರಂಗದಲ್ಲಿ ಸಾವನ್ನು ಕರೆದಂತಾಯಿತು. ಆದರೂ ಸಾಲು ಉಳಿಯಿತು. ಯುದ್ಧದ ಪಾಠವಾಗಿದ್ದುದು ಶಿಸ್ತಿನ ಅಭ್ಯಾಸವೂ ಉತ್ಸವದ ಆಚರಣೆಯೂ ಆಗಿ ಮುಂದುವರಿಯಿತು.

ಉತ್ಸವವೆಂದೆನಲ್ಲ, ಯಾರ ಉತ್ಸವ? 1881ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಬೆಂಗಳೂರಿನ ದಂಡು ಪ್ರದೇಶವನ್ನು ಮಾತ್ರ ತಮ್ಮ ಕೈಯಲ್ಲಿಯೇ ಇರಿಸಿಕೊಂಡರು. 1947ರ ತನಕ ಅಲ್ಲಿ ನಡೆದದ್ದು ರೆಸಿಡೆಂಟರ ಆಡಳಿತ. ಪೇಟೆಯಿಂದ ಮೈದಾನದ ಅಂಚಿಗೆ ಬಂದು ನಿಂತವನು ತನ್ನದೇ ಊರಿನಲ್ಲಿ ಪರರ ಸೀಮೆಗೆ ಕಾಲಿಟ್ಟ ಹಾಗೆ. ಆ ಕಾಲದ ಕವಾಯತಿನ ಅರ್ಥ ಸ್ಪಷ್ಟವಾಗಿತ್ತು. ನಮ್ಮ ಬಲ ಇಷ್ಟಿದೆ, ನೋಡಿಕೊಳ್ಳಿ ಎಂಬುದೇ ಅದು. ನೋಡುವ ಜನರಿಗೆ ಅದು ಗೌರವವಲ್ಲ, ಎಚ್ಚರಿಕೆ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರಿದ ದರ್ಬಾರು ನಡೆದಾಗ ನಮ್ಮ ದಕ್ಷಿಣದಲ್ಲಿ ಧಾತು–ಈಶ್ವರ ಸಂವತ್ಸರಗಳ ಮಹಾ ಬರಗಾಲ. ಮೈಸೂರು ಸೀಮೆಯಲ್ಲಿ ಜನ ಹಸಿವಿನಿಂದ ಲಕ್ಷಗಟ್ಟಲೆ ಸತ್ತರು. ಅತ್ತ ಮೆರವಣಿಗೆ, ಇತ್ತ ಗಂಜಿಯಿಲ್ಲದ ಜನ. ಆ ದರ್ಬಾರಿನ ನೆನಪಿಗೆಂದು ಮುಂದೆ ಪ್ರತಿ ಹೊಸವರ್ಷದ ದಿನ ದಂಡಿನ ಊರುಗಳಲ್ಲಿ ಕವಾಯತು ನಡೆಸುವುದು ಸಂಪ್ರದಾಯವಾಯಿತು.

ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಕುದುರೆಯೇರಿದ ಪ್ರತಿಮೆಯನ್ನು ಮರೊಚೆಟ್ಟಿ ಎಂಬ ಶಿಲ್ಪಿ ಮಾಡಿದ. ಅದನ್ನು 1866ರಲ್ಲಿ ಮೊದಲು ನಿಲ್ಲಿಸಿದ್ದು ಈ ಮೈದಾನದಲ್ಲಿಯೇ. ಮುಂದೆ ಅದು ಅಠಾರ ಕಚೇರಿಯ ಎದುರಿಗೆ ಹೋಯಿತು. 2020ರಲ್ಲಿ ಕಬ್ಬನ್ ಉದ್ಯಾನದ ಒಳಭಾಗ ಸೇರಿತು. ಕಲ್ಲು ಕಂಚುಗಳಿಗೂ ಕಾಲ ಬಂದಾಗ ಜಾಗ ಬದಲಿಸಬೇಕಾಗುತ್ತದೆ. ಆದರೆ ಮೈದಾನದಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬ ಪದ್ಧತಿ ಮಾತ್ರ ಕಂಚಿಗಿಂತ ಗಟ್ಟಿಯೆಂದು ತೋರುತ್ತದೆ.

1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ನಗರಪಾಲಿಕೆಯಾಯಿತು. ಆ ವರ್ಷದ ಜನವರಿ 15ರಂದು ಕೊಡಗಿನ ಕೆ.ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ನಮ್ಮ ಹಿರಿಯಡ್ಕವಾದರೋ ಆಗ ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದ ಮೇಲೆಯೇ ಬೆಂಗಳೂರಿನ ಆ ಬಯಲು ನಮ್ಮ ರಾಜಧಾನಿಯ ಬಯಲಾದದ್ದು. ಇನ್ನೊಂದು ಸಂಗತಿಯನ್ನು ನಿಮ್ಮಲ್ಲಿ ಬಹಳ ಮಂದಿ ಗಮನಿಸಿರಲಿಕ್ಕಿಲ್ಲ. ಮೊದಲು ಸ್ವಾತಂತ್ರ್ಯೋತ್ಸವದಂದೂ ರಾಜ್ಯಗಳಲ್ಲಿ ಧ್ವಜ ಏರಿಸುತ್ತಿದ್ದವರು ರಾಜ್ಯಪಾಲರೇ. ತಮಿಳುನಾಡಿನ ಮುಖ್ಯಮಂತ್ರಿಗಳಾಗಿದ್ದ ಎಂ. ಕರುಣಾನಿಧಿಯವರು ಪ್ರಶ್ನೆ ಎತ್ತಿದ ಮೇಲೆ, 1974ರಿಂದ, ಜನರಿಂದ ಆಯ್ಕೆಯಾದ ಮುಖ್ಯಮಂತ್ರಿಗಳಿಗೆ ಆ ಹಕ್ಕು ಬಂತು. ಯಾರು ನಿಲ್ಲಬೇಕು, ಎಲ್ಲಿ ನಿಲ್ಲಬೇಕು ಎಂಬುದು ಸಣ್ಣ ವಿಷಯವಲ್ಲವೆಂದು ಆ ಹಿರಿಯರಿಗೆ ಗೊತ್ತಿತ್ತು. ಕೇಳಿದರೆ ಬದಲಾಗುತ್ತದೆಂಬುದಕ್ಕೂ ಇದೇ ಸಾಕ್ಷಿ.

ಈಗ ಸಮಾರಂಭದ ಕ್ರಮವನ್ನು ನೋಡಿ. ಧ್ವಜವೇರುತ್ತದೆ. 52 ಸೆಕೆಂಡುಗಳ ರಾಷ್ಟ್ರಗೀತೆ. ಬಳಿಕ ಅತಿಥಿಗಳು ತೆರೆದ ಜೀಪಿನಲ್ಲಿ ಸಾಲುಗಳ ಮುಂದೆ ಸಾಗಿ ಪರಿವೀಕ್ಷಣೆ ಮಾಡುತ್ತಾರೆ. ಆಮೇಲೆ ದಳಗಳು ಒಂದೊಂದಾಗಿ ವೇದಿಕೆಯ ಮುಂದೆ ಹಾದು, ಬಲಕ್ಕೆ ಮುಖ ತಿರುಗಿಸಿ ವಂದನೆ ಸಲ್ಲಿಸುತ್ತವೆ. ಅನಂತರ ಭಾಷಣ. ಅನಂತರ ಮಕ್ಕಳ ಸಾಂಸ್ಕೃತಿಕ ಕಾರ್ಯಕ್ರಮ. ಹಿಂದೆ ಸೇನಾಧಿಪತಿಯು ಸಾಲುಗಳ ಮುಂದೆ ಕುದುರೆಯ ಮೇಲೆ ಸಾಗುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಸಿಪಾಯಿಗಳು ಸಂಖ್ಯೆಯಲ್ಲಿ ಸರಿ ಇದ್ದಾರೆಯೇ, ಬಂದೂಕುಗಳು ಸ್ವಚ್ಛವಾಗಿವೆಯೇ ಎಂದು ಕಣ್ಣಾರೆ ನೋಡಬೇಕಿತ್ತು. ಅದು ಲೆಕ್ಕ ಕೇಳುವ ಕ್ರಮ. ಗಣರಾಜ್ಯದಲ್ಲಿ ಲೆಕ್ಕ ಕೇಳಬೇಕಾದವರು ಪ್ರಜೆಗಳು, ಒಪ್ಪಿಸಬೇಕಾದವರು ಆಳುವವರು. ರಾಜ್ಯಪಾಲರೋ ಮುಖ್ಯಮಂತ್ರಿಗಳೋ ಜಿಲ್ಲೆಯ ಉಸ್ತುವಾರಿ ಸಚಿವರೋ ವಂದನೆ ಸ್ವೀಕರಿಸುವುದು ತಮಗಾಗಿ ಅಲ್ಲ, ಪ್ರಜೆಗಳ ಪರವಾಗಿ. ಅಂದಮೇಲೆ ಆ ಬಯಲಿನಲ್ಲಿ ನಿಜವಾದ ಮುಖ್ಯ ಅತಿಥಿ ಯಾರು? ಅಂಚಿನಲ್ಲಿ ನಿಂತ ಜನ. ಅವರ ಮಕ್ಕಳು.

ಆದರೆ ನಮ್ಮ ಮೈದಾನಗಳಲ್ಲಿ ಕಾಣುವುದೇನು? ಚಪ್ಪರದಡಿಯಲ್ಲಿ ಮೆತ್ತನೆಯ ಕುರ್ಚಿಗಳು, ಕುರ್ಚಿಗಳಲ್ಲಿ ಗಣ್ಯರು, ಅವರ ಮುಂದೆ ನೀರಿನ ಬಾಟಲಿಗಳು. ಬಯಲಿನಲ್ಲಿ ಏಳನೆಯ ತರಗತಿಯ, ಎಂಟನೆಯ ತರಗತಿಯ ಮಕ್ಕಳು. ಅವರಿಗೆ ಬೆಳಗ್ಗೆ ಆರೂವರೆಗೆ ಶಾಲೆಯಲ್ಲಿ ಸೇರಬೇಕೆಂದು ಹೇಳಿರುತ್ತಾರೆ. ದೂರದ ಗುಡ್ಡೆಯ ಮನೆಗಳಿಂದ ಬರುವವರು ಗಂಜಿ ಉಣ್ಣದೆ ಹೊರಟಿರುತ್ತಾರೆ. ಭಾಷಣವು ಇಲಾಖೆಯಿಂದ ಇಲಾಖೆಗೆ ಸಾಗುತ್ತದೆ. ಇಷ್ಟು ಕಿಲೋಮೀಟರು ರಸ್ತೆ, ಇಷ್ಟು ಫಲಾನುಭವಿಗಳು, ಇಷ್ಟು ಕೋಟಿ ಅನುದಾನ. ಅದು ಯಾರ ಕಿವಿಗೆ ಬೀಳುತ್ತದೆ? ಜನವರಿಯಲ್ಲಿ ನಮ್ಮ ಕರಾವಳಿಯ ಬಿಸಿಲು ಒಂಬತ್ತು ಗಂಟೆಗೇ ಚುರುಗುಟ್ಟುತ್ತದೆ. ಆಗಸ್ಟಿನಲ್ಲಾದರೆ ಒಂದು ಮಳೆ, ಒಂದು ಸೆಕೆ.

ನಾನು ಸೇವೆಯಲ್ಲಿದ್ದ ದಿನಗಳ ಒಂದು ಘಟನೆ ನೆನಪಾಗುತ್ತದೆ. ಎಲ್ಲಿ, ಯಾವ ವರ್ಷ ಎಂಬುದು ಬೇಡ. ಭಾಷಣ ಅರ್ಧಕ್ಕೆ ಬಂದಿತ್ತು. ಸಾಲಿನ ನಡುವಿನಲ್ಲಿದ್ದ ಹುಡುಗಿಯೊಬ್ಬಳು ಒಂದು ಬಾರಿ ತೂಗಾಡಿದಳು, ನಿಧಾನವಾಗಿ ಕುಸಿದಳು. ಅವಳನ್ನು ಎತ್ತಿ ಮರದ ಬುಡಕ್ಕೆ ತಂದು, ಕಾಲುಗಳನ್ನು ಚೀಲದ ಮೇಲೆ ಎತ್ತರಿಸಿಟ್ಟು, ಮುಖಕ್ಕೆ ನೀರು ಚಿಮುಕಿಸಿದೆವು. ಕಣ್ಣು ತೆರೆದ ಕೂಡಲೇ ಅವಳು ಕೇಳಿದ ಮೊದಲ ಮಾತು, “ಸರ್, ನಮ್ಮ ಲೈನ್ ಹಾಳಾಯ್ತಾ?” ನಾನು “ಇಲ್ಲ ಮಗಾ, ಲೈನ್ ಸರಿಯಾಗಿಯೇ ಇದೆ” ಎಂದೆ. ಅತ್ತ ಚಪ್ಪರದಡಿಯಲ್ಲಿ ಯಾರೂ ಇತ್ತ ತಿರುಗಿ ನೋಡಿರಲಿಲ್ಲ. ಭಾಷಣ ಒಂದು ವಾಕ್ಯಕ್ಕೂ ನಿಲ್ಲಲಿಲ್ಲ. ಹದಿಮೂರು ವರ್ಷದ ಮಗು ತನ್ನ ಪಾಲಿನ ಶಿಸ್ತನ್ನು ಪ್ರಜ್ಞೆ ತಪ್ಪಿದ ಮೇಲೂ ಬಿಟ್ಟಿರಲಿಲ್ಲ. ಅವಳೆದುರಿಗೆ ನೆರಳಿನಲ್ಲಿದ್ದವರಿಗೆ ತಮ್ಮ ಪಾಲಿನ ಶಿಸ್ತು ಯಾವುದೆಂದೇ ತಿಳಿದಿರಲಿಲ್ಲ.

ಹೀಗೆ ಬೀಳುವುದು ದುರ್ಬಲತೆಯಲ್ಲ, ದೇಹಧರ್ಮ. ಅಲುಗಾಡದೆ ನಿಂತಾಗ ರಕ್ತವು ಕಾಲುಗಳಲ್ಲಿ ಇಳಿದು ನಿಲ್ಲುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ದೂಡುತ್ತವೆ, ನಿಂತಾಗ ಆ ಕೆಲಸ ನಡೆಯದು. ಬಿಸಿಲಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರಿನಿಂದ ನೀರು ಹೋಗುತ್ತದೆ, ಹೊಟ್ಟೆಯೂ ಖಾಲಿ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಗಟ್ಟಿಮುಟ್ಟಾದ ಸಿಪಾಯಿಗಳೂ ಕವಾಯತಿನಲ್ಲಿ ಬೀಳುವುದುಂಟು. ಸೇನೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ್ದ: “ಬೂಟಿನ ಒಳಗೆ ಬೆರಳು ಆಡಿಸುತ್ತಾ ಇರಬೇಕು ಸರ್, ಮೊಣಕಾಲು ಬಿಗಿ ಹಿಡಿಯಬಾರದು. ನಮಗೆ ಮೊದಲು ಕಲಿಸುವುದೇ ಅದು.” ಸಿಪಾಯಿಗೆ ಕಲಿಸುವ ಈ ಮಾತನ್ನು ಮಕ್ಕಳಿಗೆ ಯಾರು ಹೇಳಿಕೊಡುತ್ತಾರೆ? ‘ಸಾವಧಾನ್’, ‘ವಿಶ್ರಾಮ್’ ಎರಡೇ ಆಜ್ಞೆಗಳಲ್ಲಿ ನಮ್ಮ ಪಾಠ ಮುಗಿಯುತ್ತದೆ. ಸೈನ್ಯದ ನಡಿಗೆಯ ಅಳತೆ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಅಂಗುಲ. ಅದು ಬೆಳೆದ ಗಂಡಾಳಿನ ಕಾಲಿಗೆ ಮಾಡಿದ ಲೆಕ್ಕ. ಅದನ್ನು ಮಕ್ಕಳ ಮೇಲೆ ಹೇರಿ, ಕೊನೆಗೆ ಅಲುಗಾಡದೆ ನಿಲ್ಲಿಸಿಬಿಡುತ್ತೇವೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆಂದು ಬಲ್ಲೆ. ನನ್ನ ಸಹೋದ್ಯೋಗಿಗಳೇ ಹೇಳುತ್ತಿದ್ದರು. “ಗಡಿಯಲ್ಲಿ ಸೈನಿಕರು ಹಿಮದಲ್ಲಿ ನಿಲ್ಲುತ್ತಾರೆ, ನಮ್ಮ ಮಕ್ಕಳು ಒಂದು ಗಂಟೆ ಬಿಸಿಲಿನಲ್ಲಿ ನಿಂತರೆ ಏನಾಯಿತು?” ಎಂದು. ಮಾತು ಮೇಲ್ನೋಟಕ್ಕೆ ಗಂಭೀರವಾಗಿದೆ. ಆದರೆ ಸೈನಿಕ ಹಿಮದಲ್ಲಿ ನಿಲ್ಲುವುದು ಕಾರಣವಿದ್ದು. ಅವನ ಹಿಂದೆ ದೇಶವಿದೆ. ಮಗು ಬಿಸಿಲಿನಲ್ಲಿ ನಿಲ್ಲುವುದು ಭಾಷಣ ಉದ್ದವಾದುದರಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಸೈನಿಕನ ತ್ಯಾಗಕ್ಕೇ ಅವಮಾನ. ಇನ್ನು ಕಷ್ಟಸಹಿಷ್ಣುತೆ ಅಷ್ಟು ದೊಡ್ಡ ಗುಣವಾದರೆ ಅದನ್ನು ಕಲಿಸುವ ಕ್ರಮ ನಾವೇ ನಡೆದು ತೋರಿಸುವುದು. ನೆರಳಿನಲ್ಲಿ ಕುಳಿತು ಬಿಸಿಲಿನ ಮಹಿಮೆ ಹೇಳಿದರೆ ಯಾವ ಮಗುವೂ ನಂಬುವುದಿಲ್ಲ.

ಇನ್ನೊಂದು ಆಕ್ಷೇಪ ಇದರ ತದ್ವಿರುದ್ಧ. ಈ ಕವಾಯತೇ ಬ್ರಿಟಿಷರು ಬಿಟ್ಟುಹೋದ ಎಂಜಲು, ಪೂರ್ತಿ ನಿಲ್ಲಿಸಿಬಿಡಿ ಎನ್ನುವವರೂ ಇದ್ದಾರೆ. ಅದನ್ನೂ ನಾನು ಒಪ್ಪಲಾರೆ. ಸಾಲುಗಟ್ಟಿ ಬರುವುದು, ತಾಳಕ್ಕೆ ಹೆಜ್ಜೆ ಹಾಕುವುದು, ಸಭೆಗೆ ವಂದಿಸುವುದು ಬ್ರಿಟಿಷರು ಬಂದ ಮೇಲೆ ನಾವು ಕಲಿತದ್ದಲ್ಲ. ನಮ್ಮ ಯಕ್ಷಗಾನದ ಒಡ್ಡೋಲಗವನ್ನು ನೆನೆಯಿರಿ. ಮದ್ದಳೆಯ ಮಾಂತ್ರಿಕ, ನೂರು ವರ್ಷ ತುಂಬಿ 2020ರಲ್ಲಿ ನಮ್ಮನ್ನಗಲಿದ ಹಿರಿಯಡ್ಕ ಗೋಪಾಲರಾಯರ ಊರಿನವರಿಗೆ ನಾನದನ್ನು ವಿವರಿಸಬೇಕಿಲ್ಲ. ಒಡ್ಡೋಲಗದಲ್ಲಿ ಪಾತ್ರಗಳು ಬಂದು ಸಭೆಗೆ ತಮ್ಮನ್ನು ಒಪ್ಪಿಸಿಕೊಳ್ಳುತ್ತವೆ. ಅಲ್ಲಿ ಸಭೆಯೇ ದೊಡ್ಡದು. ಕಿರೀಟ ಕಟ್ಟಿದವನು ಬೆವರುತ್ತಾನೆ, ಚಾಪೆಯ ಮೇಲೆ ಕುಳಿತ ಮಗು ಆರಾಮವಾಗಿ ನೋಡುತ್ತದೆ. ಗಣರಾಜ್ಯದ ಸರಿಯಾದ ಚಿತ್ರ ಅದೇ ಅಲ್ಲವೇ?

ಮೇಲಾಗಿ ಕವಾಯತಿನ ಸಾಲು ಮಕ್ಕಳಿಗೆ ಒಳ್ಳೆಯದನ್ನೂ ಕಲಿಸಿದೆ. ಸಾಲು ಯಾರ ಮನೆತನವನ್ನೂ ಕೇಳುವುದಿಲ್ಲ, ಎತ್ತರವನ್ನು ಮಾತ್ರ ಕೇಳುತ್ತದೆ. ಗದ್ದೆಯ ಯಜಮಾನರ ಮಗನೂ ಅದೇ ಗದ್ದೆಯಲ್ಲಿ ನಾಟಿ ಮಾಡುವವರ ಮಗನೂ ಅಕ್ಕಪಕ್ಕದಲ್ಲಿ ನಿಂತು ಒಂದೇ ಕಾಲನ್ನು ಒಟ್ಟಿಗೆ ಎತ್ತಿದ್ದನ್ನು ನಾನು ನೋಡಿದ್ದೇನೆ. ಹಿಂದಿನ ದಿನ ಸಂಜೆ ಬಿಳಿ ಕ್ಯಾನ್‌ವಾಸ್ ಶೂಗಳಿಗೆ ಶಾಲೆಯ ಸೀಮೆಸುಣ್ಣದ ತುಂಡುಗಳನ್ನೇ ತೇದು ಹಚ್ಚಿದ್ದು, ಒಬ್ಬನ ಶೂ ಇನ್ನೊಬ್ಬನಿಗೆ ಸಾಲವಾಗಿ ಹೋದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಈ ಒಳ್ಳೆಯದು ಉಳಿಯಲಿ. ಉಳಿಯಬೇಕಾದರೆ ಕೆಟ್ಟದ್ದನ್ನು ಬೇರ್ಪಡಿಸಬೇಕು.

ಪದ್ಧತಿ ಬದಲಿಸಲಾಗದು ಎಂಬುದು ಕೊನೆಯ ಆಕ್ಷೇಪ. ಇತಿಹಾಸ ಅದಕ್ಕೆ ಉತ್ತರ ಕೊಡುತ್ತದೆ. 1950ರಲ್ಲಿ ದಿಲ್ಲಿಯ ಮೊದಲ ಗಣರಾಜ್ಯೋತ್ಸವ ಕವಾಯತು ನಡೆದದ್ದು ಇರ್ವಿನ್ ಕ್ರೀಡಾಂಗಣದಲ್ಲಿ. ರಾಜಪಥಕ್ಕೆ ಅದು ನೆಲೆಯಾಗಿ ಬಂದದ್ದು 1955ರಲ್ಲಿ. ಆ ರಾಜಪಥವೂ 2022ರಲ್ಲಿ ಕರ್ತವ್ಯಪಥವಾಯಿತು. ಕಾರ್ಯಪ್ಪನವರ ನೆನಪಿನ ಸೇನಾ ದಿನದ ಕವಾಯತು ದಶಕಗಳ ಕಾಲ ದಿಲ್ಲಿಯಲ್ಲಿಯೇ ನಡೆಯುತ್ತಿತ್ತು. 2023ರಲ್ಲಿ ಅದು ಮೊದಲ ಬಾರಿಗೆ ದಿಲ್ಲಿಯನ್ನು ಬಿಟ್ಟು ಬಂದದ್ದು ನಮ್ಮ ಬೆಂಗಳೂರಿಗೇ, ಎಂಇಜಿ ಕೇಂದ್ರದ ಗೋವಿಂದಸ್ವಾಮಿ ಮೈದಾನಕ್ಕೆ. ಮುಂದಿನ ವರ್ಷ ಲಖನೌ, ಅದರ ಮುಂದಿನ ವರ್ಷ ಪುಣೆ. ಇಷ್ಟು ದೊಡ್ಡ ಸೇನೆಯೇ ತನ್ನ ಮೈದಾನವನ್ನು ಬದಲಿಸಬಲ್ಲದಾದರೆ ನಾವು ನಾಲ್ಕು ಕುರ್ಚಿಗಳನ್ನು ಬದಲಿಸಲಾರೆವೇ? ಮೈಸೂರಿನ ಬನ್ನಿಮಂಟಪದ ಪಂಜಿನ ಕವಾಯತನ್ನು ನೋಡಿ. ಒಂದು ಕಾಲದಲ್ಲಿ ಮಹಾರಾಜರಿಗೆ ಸಲ್ಲುತ್ತಿದ್ದ ಗೌರವ ಇಂದು ಪ್ರಜಾಸತ್ತೆಯ ಉತ್ಸವದ ಅಂಗವಾಗಿದೆ. ವಿಜಯದಶಮಿಯಂದು ಸೂರ್ಯ ಮುಳುಗಿದ ಮೇಲೆ ಅದು ನಡೆಯುತ್ತದೆ. ಸಂಜೆಯ ತಂಪಿನಲ್ಲಿ ನಡೆದರೆ ಕವಾಯತಿನ ಗೌರವ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು.

ಆದ್ದರಿಂದ ನಾನು ಕೇಳುವುದು ಇಷ್ಟೇ. ಭಾಷಣ ಹತ್ತು ನಿಮಿಷ ಮೀರದಿರಲಿ. ಇಲಾಖೆಗಳ ಸಾಧನೆಯನ್ನು ಅಚ್ಚು ಹಾಕಿಸಿ ಹಂಚಲಿ, ಪತ್ರಿಕೆಗಳಿಗೆ ಕೊಡಲಿ. ಹೆಜ್ಜೆ ಹಾಕಿ ಮುಗಿಸಿದ ಮಕ್ಕಳ ದಳ ಅಲ್ಲಿಯೇ ನಿಲ್ಲದೆ ನೇರವಾಗಿ ನೆರಳಿಗೆ ಹೋಗಿ ಕುಳಿತುಕೊಳ್ಳಲಿ. ಚಪ್ಪರ ಹಾಕುವಾಗ ಮೊದಲ ಚಪ್ಪರ ಮಕ್ಕಳಿಗೆ, ಎರಡನೆಯದು ವಯಸ್ಸಾದವರಿಗೆ, ಮಾಜಿ ಸೈನಿಕರಿಗೆ, ಹುತಾತ್ಮರ ಮನೆಯವರಿಗೆ. ಬಟ್ಟೆ ಉಳಿದರೆ ಗಣ್ಯರಿಗೆ. ಮಕ್ಕಳು ಹೊರಡುವ ಮೊದಲು ಶಾಲೆಯಲ್ಲಿ ತಿಂಡಿ ಆಗಿರಲಿ. ನೃತ್ಯ, ಹಾಡುಗಳನ್ನು ಸಂಜೆಗೆ ಇಟ್ಟುಕೊಳ್ಳಬಹುದು. ಆಗ ಕೂಲಿಗೆ ಹೋಗುವ ತಾಯಿತಂದೆಯರೂ ಬಂದು ತಮ್ಮ ಮಕ್ಕಳನ್ನು ನೋಡಬಹುದು. ಕೊನೆಯದಾಗಿ, ಪರಿವೀಕ್ಷಣೆಯ ಜೀಪು ಮಕ್ಕಳು ಕುಳಿತಲ್ಲಿಗೂ ಒಮ್ಮೆ ಬರಲಿ. ಲೆಕ್ಕ ಒಪ್ಪಿಸಬೇಕಾದುದು ಅವರಿಗೆ ತಾನೇ?

ಬೆಂಗಳೂರಿನ ಮೈದಾನದ ಬಗ್ಗೆ ಇನ್ನೊಂದು ಮಾತು. ಆ ನೆಲ ಸೇನೆಯದು. ರಾಜ್ಯೋತ್ಸವಕ್ಕೂ ರಾಜಕೀಯ ಸಭೆಗಳಿಗೂ ಬಳಸಿ ಬಳಸಿ ಸವೆಸದೆ ಅದನ್ನು ಉಳಿಸಿಕೊಂಡದ್ದಕ್ಕೆ ನಾವು ಸೇನೆಗೆ ಋಣಿಗಳು. ಎಂ.ಜಿ. ರಸ್ತೆಯ ಅಂಚಿನಲ್ಲಿ ಮೈದಾನಕ್ಕೆ ತಾಗಿ ಇದ್ದ ಮರಗಳ ಸಾಲುದಾರಿ ಮೆಟ್ರೋ ಕಾಮಗಾರಿಗೆ ಬಲಿಯಾಯಿತು. 2011ರ ಅಕ್ಟೋಬರಿನಲ್ಲಿ ರೈಲು ಓಡತೊಡಗಿದ ಮೇಲೆ ಆ ಎತ್ತರದಿಂದ ಮೈದಾನವನ್ನು ಪ್ರತಿದಿನ ಸಾವಿರಾರು ಜನ ನೋಡುತ್ತಾರೆ. ಆದರೆ ಉತ್ಸವದ ಎರಡು ದಿನಗಳಲ್ಲಿ ಒಳಗೆ ಹೋಗಬೇಕಾದರೆ ಪಾಸು ಬೇಕು. ಭದ್ರತೆಯ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಪಾಸುಗಳ ದೊಡ್ಡ ಪಾಲು ಹೆಜ್ಜೆ ಹಾಕುವವರ ಮನೆಯವರಿಗೆ ಹೋಗುವಂತಾಗಬೇಕು. ಪೊಲೀಸ್ ಪೇದೆಯ ಹೆಂಡತಿ, ಗೃಹರಕ್ಷಕನ ತಾಯಿ, ಸರಕಾರಿ ಶಾಲೆಯ ಹುಡುಗಿಯ ತಮ್ಮ, ಇವರಿಲ್ಲದ ಮೈದಾನ ಎಷ್ಟು ತುಂಬಿದ್ದರೂ ಬರಿದು.

ನಮ್ಮ ಅಜ್ಜರಕಾಡಿಗೆ ಇನ್ನೂ ಒಂದು ಹೊಣೆ ಇದೆ. 1934ರ ಫೆಬ್ರವರಿ 25ರಂದು ಗಾಂಧೀಜಿಯವರು ಉಡುಪಿಗೆ ಬಂದು ಮಾತನಾಡಿದ್ದು ಅಲ್ಲಿಯೇ. ಅಸ್ಪೃಶ್ಯತೆಯ ವಿರುದ್ಧ ಅವರು ದೇಶವನ್ನು ಸುತ್ತುತ್ತಿದ್ದ ಕಾಲವದು. ಯಾರು ಒಳಗೆ, ಯಾರು ಹೊರಗೆ ಎಂಬ ಪ್ರಶ್ನೆಯನ್ನೇ ಅವರು ಊರೂರಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಅವರ ಹೆಸರಿನ ಕ್ರೀಡಾಂಗಣದಲ್ಲಿ ಕುರ್ಚಿಗಳನ್ನು ಜೋಡಿಸುವವರು ಆ ಪ್ರಶ್ನೆಯನ್ನು ಒಂದು ಗಳಿಗೆ ನೆನೆಯಬೇಕು.

ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಶಿಕ್ಷಕರು, ಕೆಲವರು ಕಚೇರಿಗಳಲ್ಲಿ ಅಧಿಕಾರಿಗಳು, ಪಂಚಾಯತಿನಲ್ಲಿ ಸದಸ್ಯರಾದವರೂ ಇದ್ದಾರೆ. ಬೆಂಗಳೂರಿನಿಂದ ಸುತ್ತೋಲೆ ಬರಲೆಂದು ಕಾಯಬೇಡಿ. ಮುಂದಿನ ಉತ್ಸವದ ಹಿಂದಿನ ಸಂಜೆ ನಿಮ್ಮ ಶಾಲೆಯ ಅಂಗಳದಲ್ಲಿ ಚಪ್ಪರ ಹಾಕುವವರು ಬಂದು “ಇದನ್ನು ಎಲ್ಲಿ ಕಟ್ಟುವುದು?” ಎಂದು ಕೇಳುತ್ತಾರಲ್ಲ, ಆಗ ಮಕ್ಕಳು ಇರುವ ಕಡೆಗೆ ಕೈ ತೋರಿಸಿ. ಅಷ್ಟು ಮಾಡಿದರೆ ಸಾಕು.